ಕಂಪೈಲ್ ಆಗುತ್ತದೆ, ಎಡಿಟರ್‌ನಲ್ಲಿ ಮಾತ್ರ ಕೆಂಪು ಗೆರೆ: ಫ್ಲೋಟ್128 ಬಳಗವನ್ನು ಎಡಿಟರ್‌ಗೆ ಪರಿಚಯಿಸುವ ಬಗೆ

"ಸರ್, ಪ್ರೋಗ್ರಾಮು ಸರಿಯಾಗೇ ಕಂಪೈಲ್ ಆಗ್ತದೆ, ಓಡ್ತದೆ. ಆದ್ರೆ ಎಡಿಟರ್ ತುಂಬ ಕೆಂಪು ಗೆರೆ. ಎಂತಕ್ಕೆ?" ಕಾರವಾರದಿಂದ, ಕುಮಟಾದಿಂದ, ಇಲ್ಲೇ ಶಿರಸಿಯ ಹುಡುಗರಿಂದ ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಈ ಪ್ರಶ್ನೆ ಬರುತ್ತಲೇ ಇದೆ. ಜೊತೆಗೊಂದು ಸ್ಕ್ರೀನ್‌ಶಾಟ್. ಅದರಲ್ಲಿ "_ಫ್ಲೋಟ್128 ಎಂಬ ಹೆಸರು ಗೊತ್ತಿಲ್ಲ" ಅಥವಾ "_ಫ್ಲೋಟ್32 ಡಿಫೈನ್ ಆಗಿಲ್ಲ" ಎಂಬ ದೂರು. ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ಆ ಟೈಪನ್ನು ತಮ್ಮ ಕೋಡಿನಲ್ಲಿ ಬಳಸಿಯೇ ಇರುವುದಿಲ್ಲ. ಒಬ್ಬೊಬ್ಬರಿಗೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಮೊದಲು ಎರಡು ಪದ. ಕಂಪೈಲರ್ ನಿಮಗೆ ಗೊತ್ತು, ಬರೆದ ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವ ಪ್ರೋಗ್ರಾಮು. ಪಾರ್ಸರ್ ಎಂದರೆ ನೀವು ಟೈಪ್ ಮಾಡುತ್ತಿದ್ದ ಹಾಗೇ ಕೋಡನ್ನು ಓದಿ "ಇದು ಟೈಪ್, ಇದು ವೇರಿಯೇಬಲ್, ಇದು ತಪ್ಪು" ಎಂದು ವಿಂಗಡಿಸುವ ಎಡಿಟರ್‌ನ ಒಳಭಾಗ. ಇವೆರಡೂ ಬೇರೆ ಬೇರೆ ಪ್ರೋಗ್ರಾಮುಗಳು, ಬೇರೆ ಬೇರೆ ಜನ ಬರೆದವು. ಗೋಜಲು ಹುಟ್ಟುವುದು ಅಲ್ಲೇ. ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದರೆ ಯಾರೂ ತಿರುಗಿ ಕೇಳುವುದಿಲ್ಲ. ಅದೇ ಹೆಸರುಗಳನ್ನು ಅಡಿಕೆ ಬೆಳೆಯದ ಊರಿನ ಕಿರಾಣಿ ಅಂಗಡಿಯಲ್ಲಿ ಹೇಳಿ ನೋಡಿ, ಕಣ್ಣು ಕಣ್ಣು ಬಿಡುತ್ತಾರೆ. ಜಿಸಿಸಿ ಎಂಬ ಸಿ, ಸಿ++ ಕಂಪೈಲರಿಗೆ ಮಾತ್ರ ಗೊತ್ತಿರುವ ಫ್ಲೋಟ್‌ಗಳ (ದಶಮಾಂಶ ಸಂಖ್ಯೆ ಇಡುವ ಟೈಪುಗಳ) ವಿಷಯದಲ್ಲಿ ನಿಮ್ಮ ಎಡಿಟರ್ ಆ ಕಿರಾಣಿ ಅಂಗಡಿ.

ಬರವಣಿಗೆಯ ಬಗ್ಗೆ ಒಂದು ಸೂಚನೆ. ಕೋಡಿನ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಫೋನಿನಲ್ಲಿ ಹೇಳಿಕೊಟ್ಟ ಹಾಗೆ. ಕೀಬೋರ್ಡಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರ ಬಳಸಿ; ಅಂಡರ್‌ಸ್ಕೋರ್ ಮತ್ತು ಅಂಕೆ ಇದ್ದಲ್ಲೇ ಇರಲಿ. ಒಂದು ಕಡೆ ಮಾತ್ರ ಜಾಗ್ರತೆ: _ಫ್ಲೋಟ್128 ಎಂದರೆ ಒಂದು ಅಂಡರ್‌ಸ್ಕೋರ್, ದೊಡ್ಡ ಎಫ್. __ಫ್ಲೋಟ್128 ಎಂದರೆ ಎರಡು ಅಂಡರ್‌ಸ್ಕೋರ್, ಎಲ್ಲ ಸಣ್ಣ ಅಕ್ಷರ. ಇವೆರಡೂ ಬೇರೆ ಬೇರೆ ಹೆಸರು, ಚರಿತ್ರೆಯೂ ಬೇರೆ.

ಯಾವ ಟೈಪ್ ಎಲ್ಲಿಂದ ಬಂತು

ಸಾಮಾನ್ಯ ಫ್ಲೋಟ್‌ನಲ್ಲಿ 24 ಬಿಟ್ ನಿಖರತೆ, ಅಂದರೆ ದಶಮಾನದಲ್ಲಿ ಸುಮಾರು 7 ಅಂಕೆ. ಡಬಲ್‌ನಲ್ಲಿ 53 ಬಿಟ್, 15-16 ಅಂಕೆ. __ಫ್ಲೋಟ್128 ಜಿಸಿಸಿಯ ಹಳೆಯ ವಿಸ್ತರಣೆ: 16 ಬೈಟ್ ಜಾಗ, 113 ಬಿಟ್ ನಿಖರತೆ, ಸುಮಾರು 34 ಅಂಕೆ. ಇದರ ಗಣಿತದ ಫಂಕ್ಷನ್‌ಗಳು ಲಿಬ್‌ಕ್ವಾಡ್‌ಮ್ಯಾತ್ ಎಂಬ ಲೈಬ್ರರಿಯಲ್ಲಿವೆ. ಬರಿಯ ಪ್ರಿಂಟ್‌ಎಫ್ ಇದನ್ನು ಅಚ್ಚು ಹಾಕಲಾರದು.

_ಫ್ಲೋಟ್16, _ಫ್ಲೋಟ್32, _ಫ್ಲೋಟ್64, _ಫ್ಲೋಟ್128, ಜೊತೆಗೆ _ಫ್ಲೋಟ್32ಎಕ್ಸ್, _ಫ್ಲೋಟ್64ಎಕ್ಸ್ ಇವು 2015ರ ಒಂದು ಐಎಸ್‌ಒ ತಾಂತ್ರಿಕ ವಿವರಣೆಯಿಂದ ಬಂದ ಹೆಸರುಗಳು. 2017ರ ಜಿಸಿಸಿ 7 ಇವನ್ನು ಸಿ ಭಾಷೆಯಲ್ಲಿ ಕೀವರ್ಡ್ (ಕಂಪೈಲರಿಗೆ ಹುಟ್ಟಿನಿಂದಲೇ ಗೊತ್ತಿರುವ ಪದ) ಮಾಡಿತು. ಸಿ++ನಲ್ಲಿ ಕೀವರ್ಡ್ ಆದದ್ದು 2023ರ ಜಿಸಿಸಿ 13ರಲ್ಲಿ. ಈ ಎರಡು ಇಸವಿಗಳ ನಡುವಿನ ಅಂತರವನ್ನು ನೆನಪಿಡಿ, ಐದನೇ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಇನ್ನು ಆರ್ಮ್ ಚಿಪ್ಪಿನ ಕೋಡಿನಲ್ಲಿ __ಎಫ್‌ಪಿ16, ಎಐ ಕೋಡಿನಲ್ಲಿ __ಬಿಎಫ್16, ಪವರ್‌ಪಿಸಿಯಲ್ಲಿ __ಐಬಿಎಂ128, ಬ್ಯಾಂಕಿನ ಲೆಕ್ಕದಂಥ ಕಡೆ _ಡೆಸಿಮಲ್64 ಸಿಗಬಹುದು. ಇವಕ್ಕೂ ಮದ್ದು ಒಂದೇ ಬಗೆಯದು.

ಏನು ಬೇಕು: ನಿಮ್ಮ ಕಂಪೈಲರ್, ನಿಮ್ಮ ಎಡಿಟರ್, ಹತ್ತು ಸಾಲಿನ ಒಂದು ಖಾಲಿ ಪ್ರಯೋಗದ ಫೈಲು. ಇಂಟರ್ನೆಟ್ ಬೇಡ. ಆಷಾಢದ ಮಳೆಯಲ್ಲಿ ನಮ್ಮ ಕಡೆ ಇದು ಸಣ್ಣ ಅನುಕೂಲವಲ್ಲ.

ಹಂತ 1: ದೂರು ಹೇಳುತ್ತಿರುವವರು ಯಾರು?

"ನನ್ನ ಎಡಿಟರ್ ವಿಎಸ್ ಕೋಡ್" ಎಂದರೆ ಉತ್ತರ ಆಗಲಿಲ್ಲ. ಅದರೊಳಗೆ ಮೈಕ್ರೋಸಾಫ್ಟ್‌ನ ಇಂಟೆಲಿಸೆನ್ಸ್ ಓಡುತ್ತಿರಬಹುದು, ಕ್ಲಾಂಗ್‌ಡಿ ಓಡುತ್ತಿರಬಹುದು. ಕೆಲವರು ಎರಡನ್ನೂ ಹಾಕಿಕೊಂಡು ಒಂದೇ ತಪ್ಪಿಗೆ ಎರಡೆರಡು ಬಾರಿ ಬೈಸಿಕೊಳ್ಳುತ್ತಿರುತ್ತಾರೆ. ಇಂಟೆಲಿಸೆನ್ಸ್‌ನ ಬುಡದಲ್ಲಿರುವುದು ಇಡಿಜಿ ಎಂಬ ಸಂಸ್ಥೆಯ ಪಾರ್ಸರ್. ಕ್ಲಾಂಗ್‌ಡಿಯ ಬುಡದಲ್ಲಿರುವುದು ಕ್ಲಾಂಗ್ ಕಂಪೈಲರ್. ಎಕ್ಲಿಪ್ಸ್ ಸಿಡಿಟಿಗೆ ತನ್ನದೇ ಪಾರ್ಸರ್ ಇದೆ. ಆರ್ಡುಯಿನೋ ಐಡಿಇ 2ರ ಒಳಗೂ ಕ್ಲಾಂಗ್‌ಡಿಯೇ ಇದೆ.

ಅನುಮಾನವಿದ್ದರೆ ಪ್ರಯೋಗದ ಫೈಲಿನಲ್ಲಿ ಹೀಗೆ ಬರೆಯಿರಿ:

#ಇಫ್ ಡಿಫೈನ್ಡ್(__ಇಂಟೆಲಿಸೆನ್ಸ್__)
#ಎರರ್ ಇಂಟೆಲಿಸೆನ್ಸ್ ಓದುತ್ತಿದೆ
#ಎಲಿಫ್ ಡಿಫೈನ್ಡ್(__ಸಿಡಿಟಿ_ಪಾರ್ಸರ್__)
#ಎರರ್ ಎಕ್ಲಿಪ್ಸ್ ಓದುತ್ತಿದೆ
#ಎಲಿಫ್ ಡಿಫೈನ್ಡ್(__ಕ್ಲಾಂಗ್__)
#ಎರರ್ ಕ್ಲಾಂಗ್ ಓದುತ್ತಿದೆ
#ಎಂಡಿಫ್

ಯಾವ ಸಾಲಿನ ಕೆಳಗೆ ಕೆಂಪು ಬಂತೋ ಅದೇ ಉತ್ತರ. ಕ್ರಮ ಬದಲಿಸಬೇಡಿ. ಇಂಟೆಲಿಸೆನ್ಸ್ ಕ್ಲಾಂಗ್ ಮೋಡಿನಲ್ಲಿದ್ದರೆ __ಕ್ಲಾಂಗ್__ ಕೂಡ ಡಿಫೈನ್ ಆಗಿರುತ್ತದೆ. ಮೊದಲು ಅದನ್ನು ಕೇಳಿದರೆ ತಪ್ಪು ಉತ್ತರ ಸಿಗುತ್ತದೆ.

ಹಂತ 2: ಎರಡೂ ಕಡೆ ಸಾಕ್ಷಿ ಕೇಳಿ

ನಿಜವಾದ ಕಂಪೈಲರ್ ಏನು ಹೇಳುತ್ತದೆ ಎಂದು ಟರ್ಮಿನಲ್‌ನಲ್ಲಿ ಕೇಳಬಹುದು. ಜಿಸಿಸಿ ಎಂದು ಬರೆದು, ಹೈಫನ್ ಸಣ್ಣ ಡಿ ದೊಡ್ಡ ಎಂ, ಜಾಗ ಬಿಟ್ಟು ಹೈಫನ್ ದೊಡ್ಡ ಇ, ಜಾಗ ಬಿಟ್ಟು ಹೈಫನ್ ಸಣ್ಣ ಎಕ್ಸ್, ಜಾಗ ಬಿಟ್ಟು ಸಣ್ಣ ಸಿ, ಕೊನೆಗೆ /ಡೆವ್/ನಲ್. ಕಂಪೈಲರ್ ತನ್ನೊಳಗೆ ಹುಟ್ಟಿನಿಂದಲೇ ಇರುವ ಮ್ಯಾಕ್ರೋಗಳನ್ನೆಲ್ಲ ನೂರಾರು ಸಾಲಿನಲ್ಲಿ ಕಕ್ಕುತ್ತದೆ. ಮ್ಯಾಕ್ರೋ ಎಂದರೆ ಒಂದು ಹೆಸರು ಕಂಡಲ್ಲಿ ಅದರ ಬದಲು ಇನ್ನೊಂದನ್ನು ಇಡು ಎಂಬ ಆಜ್ಞೆ, ಅಷ್ಟೇ.

ಆ ರಾಶಿಯಲ್ಲಿ ನಾಲ್ಕು ಹುಡುಕಿ. __ಜಿಎನ್‌ಯುಸಿ__ ಎಂದರೆ ಜಿಸಿಸಿಯ ಆವೃತ್ತಿ. __ಸೈಜ್‌ಆಫ್_ಡಬಲ್__ ಎಂದರೆ ಡಬಲ್‌ನ ಬೈಟ್ ಲೆಕ್ಕ. __ಎಲ್‌ಡಿಬಿಎಲ್_ಮ್ಯಾಂಟ್_ಡಿಗ್__ ಎಂದರೆ ಲಾಂಗ್ ಡಬಲ್‌ನ ನಿಖರತೆಯ ಬಿಟ್‌ಗಳು. __ಎಫ್‌ಎಲ್‌ಟಿ128_ಮ್ಯಾಂಟ್_ಡಿಗ್__ ಇದ್ದರೆ ಆ ಕಂಪೈಲರಿಗೆ _ಫ್ಲೋಟ್128 ಗೊತ್ತು ಎಂದರ್ಥ. ಸಾಮಾನ್ಯ 64 ಬಿಟ್ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಕೊನೆಯ ಮೂರಕ್ಕೆ 8, 64, 113 ಬರುತ್ತವೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಎಡಿಟರ್ ಏನು ನಂಬಿದೆ ಎಂದು ತಿಳಿಯಲು #ಇಫ್ __ಜಿಎನ್‌ಯುಸಿ__ >= 7, ಅದರ ಕೆಳಗೊಂದು #ಎರರ್, ಕೊನೆಗೆ #ಎಂಡಿಫ್. ಕೆಂಪು ಬಂದರೆ ಎಡಿಟರ್ ತನ್ನನ್ನು ಜಿಸಿಸಿ 7 ಅಥವಾ ಅದಕ್ಕಿಂತ ಹೊಸದು ಎಂದು ಹೇಳಿಕೊಳ್ಳುತ್ತಿದೆ. ಬಾರದಿದ್ದರೆ ಹಳೆಯದು.

ಹಂತ 3: ಸುಳ್ಳು ಹುಟ್ಟುವ ಜಾಗ

ಇದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಲಿನಕ್ಸ್‌ನ ಮೂಲ ಸಿ ಲೈಬ್ರರಿ ಜಿಲಿಬ್‌ಸಿ. 2017ರ 2.26ರಲ್ಲಿ ಅದು _ಫ್ಲೋಟ್128ಕ್ಕೆ ಫಂಕ್ಷನ್‌ಗಳನ್ನು ಸೇರಿಸಿತು, 2018ರ 2.27ರಲ್ಲಿ _ಫ್ಲೋಟ್32, _ಫ್ಲೋಟ್64 ಮುಂತಾದವಕ್ಕೂ. ಅಲ್ಲಿಂದೀಚೆಗೆ ನೀವು ಎಸ್‌ಟಿಡಿಲಿಬ್ ಹೆಡರ್ (ಲೈಬ್ರರಿಯ ಫಂಕ್ಷನ್‌ಗಳ ಘೋಷಣೆ ಇರುವ ಫೈಲು) ಸೇರಿಸಿದರೆ ಅದರೊಳಗೆ ಎಸ್‌ಟಿಆರ್‌ಟಿಒಎಫ್128 ಎಂಬ ಫಂಕ್ಷನ್‌ನ ಘೋಷಣೆ ಇರುತ್ತದೆ, ಅದು _ಫ್ಲೋಟ್128 ಹಿಂತಿರುಗಿಸುತ್ತದೆ. ನೀವು ಬಳಸದ ಟೈಪು ನಿಮ್ಮ ಎಡಿಟರ್‌ಗೆ ಬಂದದ್ದು ಈ ದಾರಿಯಲ್ಲಿ.

ಈ ಘೋಷಣೆಗಳು ಎಲ್ಲರಿಗೂ ಕಾಣುವುದಿಲ್ಲ. ಸಿಯಲ್ಲಿ _ಜಿಎನ್‌ಯು_ಸೋರ್ಸ್ ಡಿಫೈನ್ ಮಾಡಿದರೆ ಕಾಣುತ್ತವೆ. ಸಿ++ನಲ್ಲಿ ಜಿ++ ಕಂಪೈಲರ್ ಅದನ್ನು ತಾನೇ ಡಿಫೈನ್ ಮಾಡಿಬಿಡುತ್ತದೆ. "ನಿನ್ನೆವರೆಗೆ ಸರಿ ಇತ್ತು, ಫೈಲಿನ ಹೆಸರಿನ ಕೊನೆಗೆ ಸಿಪಿಪಿ ಅಂತ ಬದಲಿಸಿದೆ, ಕೆಂಪಾಯ್ತು" ಎಂದು ಒಬ್ಬರು ಬರೆದಿದ್ದರು. ಕಾರಣ ಇದೇ.

ಈಗ ಮುಖ್ಯ ಮಾತು. ಹೆಡರ್ ಫೈಲು "ಓದುತ್ತಿರುವವರಿಗೆ ಈ ಟೈಪ್ ಗೊತ್ತೋ ಇಲ್ಲವೋ" ಎಂದು ನೇರವಾಗಿ ಪರೀಕ್ಷಿಸುವುದಿಲ್ಲ. ಆವೃತ್ತಿ ಸಂಖ್ಯೆ ಕೇಳುತ್ತದೆ. 7ಕ್ಕಿಂತ ಹಳೆಯದು ಎಂದರೆ "ಪಾಪ, ಗೊತ್ತಿರಲಿಕ್ಕಿಲ್ಲ" ಎಂದು ತಾನೇ ಟೈಪ್‌ಡೆಫ್ ಮಾಡಿಕೊಡುತ್ತದೆ: _ಫ್ಲೋಟ್64 ಎಂದರೆ ಡಬಲ್, _ಫ್ಲೋಟ್32 ಎಂದರೆ ಫ್ಲೋಟ್, ಹೀಗೆ. ಟೈಪ್‌ಡೆಫ್ ಎಂದರೆ ಇರುವ ಟೈಪಿಗೆ ಇನ್ನೊಂದು ಹೆಸರು. 7 ಅಥವಾ ಮೇಲೆ ಎಂದರೆ "ನಿನಗೆ ಗೊತ್ತಲ್ಲ" ಎಂದು ಸುಮ್ಮನಾಗುತ್ತದೆ.

ಕ್ಲಾಂಗ್ ತನ್ನನ್ನು ಜಿಸಿಸಿ 4.2.1 ಎಂದು ಹೇಳಿಕೊಳ್ಳುತ್ತದೆ, ಬಹಳ ಹಿಂದಿನಿಂದಲೂ. ಆದ್ದರಿಂದ ತನ್ನ ಪಾಡಿಗೆ ಬಿಟ್ಟ ಕ್ಲಾಂಗ್‌ಡಿಯಲ್ಲಿ ಈ ತೊಂದರೆ ಬರುವುದು ಕಡಿಮೆ. ಯಾರೋ ಅದರ ಬಾಯಿಂದ "ನಾನು ಜಿಸಿಸಿ 11" ಎಂದು ಹೇಳಿಸಿದರೆ ಬರುತ್ತದೆ. ಹೇಳಿಸುವವರು ಸಾಮಾನ್ಯವಾಗಿ ನಾವೇ: ಎರಡನೇ ಹಂತದ ಆ ನೂರಾರು ಸಾಲನ್ನು ಹಾಗೇ ಎತ್ತಿ ಎಡಿಟರ್‌ನ ಸೆಟ್ಟಿಂಗಿಗೆ ಸುರಿದಿರುತ್ತೇವೆ, ಅಥವಾ ಪ್ಲಗಿನ್ ಒಂದು ಆ ಕೆಲಸವನ್ನು ನಮ್ಮ ಪರವಾಗಿ ಮಾಡಿರುತ್ತದೆ. ಇಂಟೆಲಿಸೆನ್ಸ್‌ನದು ಬೇರೆ ಕಥೆ. ಜಿಸಿಸಿ ಮೋಡಿನಲ್ಲಿ ಅದು ನಿಮ್ಮ ಜಿಸಿಸಿಯ ವೇಷವನ್ನೇ ಹಾಕಬೇಕು. ವೇಷಕ್ಕೆ ತಕ್ಕ ಮಾತು ಕಲಿತಿಲ್ಲದಿದ್ದರೆ ರಂಗಸ್ಥಳದಲ್ಲೇ ಸಿಕ್ಕಿಬೀಳುತ್ತದೆ.

ಹಂತ 4: ಮೊದಲು ಸರಳ ಮದ್ದು

ಅರ್ಧಕ್ಕಿಂತ ಹೆಚ್ಚು ಜನ ಇಲ್ಲೇ ಗುಣವಾಗುತ್ತಾರೆ, ಮುಂದಿನ ಹಂತಗಳು ಬೇಕಾಗುವುದಿಲ್ಲ.

ಕ್ಲಾಂಗ್‌ಡಿ ಬಳಸುವವರು: ಪ್ರಾಜೆಕ್ಟಿನ ಕಂಪೈಲ್ ಆಜ್ಞೆಗಳ ಪಟ್ಟಿಯನ್ನು, ಅಂದರೆ ಕಂಪೈಲ್_ಕಮಾಂಡ್ಸ್ ಡಾಟ್ ಜೇಸನ್ ಫೈಲನ್ನು, ಸಿಮೇಕ್ ಎಂಬ ಬಿಲ್ಡ್ ಉಪಕರಣದಿಂದ ಬರೆಸಿಕೊಳ್ಳಿ (ಸಿಮೇಕ್_ಎಕ್ಸ್‌ಪೋರ್ಟ್_ಕಂಪೈಲ್_ಕಮಾಂಡ್ಸ್ ಆನ್ ಮಾಡಿ). ಮೇಕ್ ಮಾತ್ರ ಬಳಸುವವರಿಗೆ ಬೇರ್ ಎಂಬ ಉಪಕರಣ ಇದೇ ಕೆಲಸ ಮಾಡುತ್ತದೆ. ಬೇರೆ ಚಿಪ್ಪಿಗೆ ಕಂಪೈಲ್ ಮಾಡುತ್ತಿದ್ದರೆ ಕ್ಲಾಂಗ್‌ಡಿಗೆ ಕ್ವೆರಿ-ಡ್ರೈವರ್ ಎಂಬ ಆಯ್ಕೆಯಲ್ಲಿ ನಿಮ್ಮ ಕ್ರಾಸ್ ಕಂಪೈಲರಿನ ಪೂರ್ತಿ ದಾರಿ ಕೊಡಿ. ಹೆಡರ್‌ಗಳು ಎಲ್ಲಿವೆ ಎಂದು ಅದು ಕಂಪೈಲರನ್ನೇ ಕೇಳಿಕೊಳ್ಳುತ್ತದೆ. ಹಿಂದೆ ಯಾವಾಗಲೋ ಕೈಯಾರೆ ಸೇರಿಸಿದ __ಜಿಎನ್‌ಯುಸಿ__ ಸಾಲು ಸೆಟ್ಟಿಂಗಿನಲ್ಲಿ ಇದ್ದರೆ ಕಿತ್ತುಹಾಕಿ. ಆಮೇಲೆ ಕ್ಲಾಂಗ್‌ಡಿಯನ್ನು ಟರ್ಮಿನಲ್‌ನಲ್ಲಿ --ಚೆಕ್ ಜೊತೆ ಫೈಲಿನ ಹೆಸರು ಕೊಟ್ಟು ಓಡಿಸಿದರೆ ಎಡಿಟರ್ ತೆರೆಯದೆಯೇ ತಪ್ಪುಗಳ ಪಟ್ಟಿ ಸಿಗುತ್ತದೆ.

ಇಂಟೆಲಿಸೆನ್ಸ್ ಬಳಸುವವರು: ಕಂಪೈಲರ್‌ಪಾತ್‌ನಲ್ಲಿ ನಿಜವಾದ ಕಂಪೈಲರಿನ ದಾರಿ, ಇಂಟೆಲಿಸೆನ್ಸ್‌ಮೋಡ್‌ನಲ್ಲಿ ಅದಕ್ಕೆ ಹೊಂದುವ ಮೋಡ್ ಇರಲಿ. ವಿಂಡೋಸ್‌ನ ಎಂಎಸ್‌ವಿಸಿ ಮೋಡ್ ಇಟ್ಟುಕೊಂಡು ಲಿನಕ್ಸ್ ಹೆಡರ್ ಓದಿಸುವವರು ಎಷ್ಟು ಜನ ಎಂದು ಹೇಳಿದರೆ ನಂಬಲಿಕ್ಕಿಲ್ಲ ನೀವು. ಎಕ್ಸ್‌ಟೆನ್ಶನ್‌ನ ಹೊಸ ಆವೃತ್ತಿ ಹಾಕಿ. ಕಂಪೈಲರ್ ಹೊಸದು, ಎಕ್ಸ್‌ಟೆನ್ಶನ್ ಹಳೆಯದು ಆಗಿದ್ದರೆ ಕೆಂಪು ಬಂದೇ ಬರುತ್ತದೆ.

ಹಂತ 5: ಎಡಿಟರ್‌ಗೆ ಮಾತ್ರ ಕಾಣುವ ಹೆಡರ್

ಇನ್ನೂ ಕೆಂಪು ಉಳಿದಿದ್ದರೆ ಎಡಿಟರ್‌ಗೆ ಸಮಾನಾರ್ಥಕ ಪದಗಳ ಒಂದು ಪಟ್ಟಿ ಕೊಡೋಣ. ಎಡಿಟರ್_ಟೈಪ್ಸ್ ಎಂಬ ಹೆಡರ್ ಫೈಲು ಮಾಡಿ:

#ಇಫ್‌ಎನ್‌ಡೆಫ್ ಎಡಿಟರ್_ಮಾತ್ರ
#ಎರರ್ ಈ ಫೈಲು ಎಡಿಟರ್‌ಗೆ ಮಾತ್ರ
#ಎಂಡಿಫ್
#ಇಫ್‌ಎನ್‌ಡೆಫ್ __ಸಿಪ್ಲಸ್‌ಪ್ಲಸ್
#ಡಿಫೈನ್ _ಫ್ಲೋಟ್32 ಫ್ಲೋಟ್
#ಡಿಫೈನ್ _ಫ್ಲೋಟ್32ಎಕ್ಸ್ ಡಬಲ್
#ಡಿಫೈನ್ _ಫ್ಲೋಟ್64 ಡಬಲ್
#ಡಿಫೈನ್ _ಫ್ಲೋಟ್64ಎಕ್ಸ್ ಲಾಂಗ್ ಡಬಲ್
#ಡಿಫೈನ್ _ಫ್ಲೋಟ್128 ಲಾಂಗ್ ಡಬಲ್
#ಎಂಡಿಫ್

ಮೊದಲ ಮೂರು ಸಾಲು ಕಾವಲಿಗೆ. ಈ ಫೈಲು ತಪ್ಪಿ ನಿಜವಾದ ಬಿಲ್ಡ್‌ಗೆ ನುಸುಳಿದರೆ ನಿಮ್ಮ 113 ಬಿಟ್ ಲೆಕ್ಕ ಸದ್ದಿಲ್ಲದೆ 64 ಬಿಟ್‌ಗೆ ಇಳಿಯುತ್ತದೆ. ಏಕೆಂದರೆ 64 ಬಿಟ್ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಲಾಂಗ್ ಡಬಲ್ 16 ಬೈಟ್ ಜಾಗ ಹಿಡಿದರೂ ನಿಖರತೆ 64 ಬಿಟ್ ಮಾತ್ರ. ಸೈಜ್ ನೋಡಿ ಎರಡೂ ಒಂದೇ ಎಂದು ಮೋಸಹೋಗಬೇಡಿ.

ಕ್ಲಾಂಗ್‌ಡಿಗೆ: ಪ್ರಾಜೆಕ್ಟಿನ ಬುಡದ ಫೋಲ್ಡರಿನಲ್ಲಿ ಡಾಟ್ ಕ್ಲಾಂಗ್‌ಡಿ ಎಂಬ ಫೈಲು, ಅದರಲ್ಲಿ ಕಂಪೈಲ್‌ಫ್ಲ್ಯಾಗ್ಸ್, ಅದರ ಕೆಳಗೆ ಆ್ಯಡ್, ಅದರೊಳಗೆ ಎಡಿಟರ್_ಮಾತ್ರ ಎಂಬುದನ್ನು ಡಿಫೈನ್ ಮಾಡುವ ಫ್ಲ್ಯಾಗ್, ಆಮೇಲೆ -ಇನ್‌ಕ್ಲೂಡ್ ಮತ್ತು ಹೆಡರ್‌ನ ಪೂರ್ತಿ ದಾರಿ. ಅರೆಬರೆ ದಾರಿ ಕೊಟ್ಟರೆ ಬೇರೆ ಫೋಲ್ಡರಿನಿಂದ ಹುಡುಕಿ ಸಿಗಲಿಲ್ಲ ಎನ್ನುತ್ತದೆ. ಈ ಫೈಲಿನಲ್ಲಿ ಸಾಲಿನ ಒಳಸರಿತಕ್ಕೆ ಸ್ಪೇಸ್ ಬಳಸಿ, ಟ್ಯಾಬ್ ನಡೆಯುವುದಿಲ್ಲ.

ಇಂಟೆಲಿಸೆನ್ಸ್‌ಗೆ: ಫೋರ್ಸ್ಡ್‌ಇನ್‌ಕ್ಲೂಡ್‌ನಲ್ಲಿ ಹೆಡರ್‌ನ ದಾರಿ, ಡಿಫೈನ್ಸ್‌ನಲ್ಲಿ ಎಡಿಟರ್_ಮಾತ್ರ. ಇಲ್ಲೊಂದು ಗುಂಡಿ ಇದೆ. ನೀವು ಕಂಪೈಲ್‌ಕಮಾಂಡ್ಸ್ ಕೂಡ ಕೊಟ್ಟಿದ್ದರೆ ಡಿಫೈನ್ಸ್‌ನಲ್ಲಿ ಬರೆದದ್ದು ಲೆಕ್ಕಕ್ಕೆ ಬರುವುದಿಲ್ಲ, ಆ ಪಟ್ಟಿಯಲ್ಲಿ ಸಿಕ್ಕಿದ್ದೇ ನಡೆಯುತ್ತದೆ. ಆಗ ಕಾವಲಿನ ಸಾಲಿನಲ್ಲಿ ಎಡಿಟರ್_ಮಾತ್ರ ಬದಲು __ಇಂಟೆಲಿಸೆನ್ಸ್__ ಅನ್ನೇ ಕೇಳಿ. ಹೆಡರನ್ನು ಎಡಿಟರ್ ನಿಜಕ್ಕೂ ಓದುತ್ತಿದೆಯೋ ಎಂದು ಅನುಮಾನ ಬಂದರೆ ಅದರ ಕೊನೆಯಲ್ಲಿ ಒಂದು #ಎರರ್ ಹಾಕಿ ನೋಡಿ. ಕೆಂಪು ಬಂದರೆ ಓದುತ್ತಿದೆ. ಬಾರದಿದ್ದರೆ ನೀವು ಗೋಡೆಗೆ ಮಾತಾಡುತ್ತಿದ್ದೀರಿ.

ಮ್ಯಾಕ್ರೋ ಏಕೆ, ಟೈಪ್‌ಡೆಫ್ ಏಕಲ್ಲ ಎಂದು ಕೇಳುವವರಿದ್ದೀರಿ. ಟೈಪ್‌ಡೆಫ್ ಮಾಡಿದ ಹೆಸರಿನ ಪಕ್ಕ ಇನ್ನೊಂದು ಟೈಪ್ ಪದ ಇಡಲು ಸಿ ಬಿಡುವುದಿಲ್ಲ. ಆದರೆ ಕಾಂಪ್ಲೆಕ್ಸ್ ಹೆಡರ್‌ಗೆ ಬೇಕಾದ ಕಡೆ "_ಕಾಂಪ್ಲೆಕ್ಸ್ _ಫ್ಲೋಟ್64" ಎಂಬ ಜೋಡಿ ಬರುತ್ತದೆ. ಮ್ಯಾಕ್ರೋ ಆದರೆ ಅದು "_ಕಾಂಪ್ಲೆಕ್ಸ್ ಡಬಲ್" ಆಗಿ ದಾಟಿಕೊಳ್ಳುತ್ತದೆ, ಟೈಪ್‌ಡೆಫ್ ಆದರೆ ಅಲ್ಲಿ ಹೊಸ ಕೆಂಪು.

ಮ್ಯಾಕ್ರೋಗೂ ಅದರದ್ದೇ ರೋಗವಿದೆ, ಮತ್ತು ಹೆಚ್ಚು ಜನ ಬೀಳುವುದು ಇಲ್ಲೇ. ಹೆಡರ್ ತಾನೇ "ಟೈಪ್‌ಡೆಫ್ ಡಬಲ್ _ಫ್ಲೋಟ್64" ಎಂದು ಬರೆದಿದ್ದರೆ ನಿಮ್ಮ ಮ್ಯಾಕ್ರೋ ಅದನ್ನು "ಟೈಪ್‌ಡೆಫ್ ಡಬಲ್ ಡಬಲ್" ಮಾಡಿಬಿಡುತ್ತದೆ. ಒಂದು ಕೆಂಪು ಗೆರೆ ಓಡಿಸಲು ಹೋಗಿ ನಲವತ್ತು ಬರಿಸಿಕೊಂಡ ಸ್ಕ್ರೀನ್‌ಶಾಟ್‌ಗಳು ನನ್ನ ಹತ್ತಿರ ಇವೆ. ಆದ್ದರಿಂದ ಎರಡನೇ ಹಂತದ ಪರೀಕ್ಷೆಯಲ್ಲಿ ಎಡಿಟರ್ ತನ್ನನ್ನು 7ಕ್ಕಿಂತ ಹಳೆಯದು ಎಂದಿದ್ದರೆ ಈ ಹೆಡರ್ ಬೇಡವೇ ಬೇಡ. 7ರಿಂದ 12ರೊಳಗೆ ಎಂದಿದ್ದರೆ ಸಿಗೆ ಬೇಕು, ಸಿ++ಗೆ ಬೇಡ, ಏಕೆಂದರೆ ಸಿ++ಗೆ ಹೆಡರ್ ಇನ್ನೂ ಟೈಪ್‌ಡೆಫ್ ಮಾಡಿಕೊಡುತ್ತಿರುತ್ತದೆ. ಮೇಲಿನ ಪಟ್ಟಿಯಲ್ಲಿ __ಸಿಪ್ಲಸ್‌ಪ್ಲಸ್ ಸಾಲು ಇರುವುದು ಇದಕ್ಕೇ. 13 ಅಥವಾ ಮೇಲೆ ಎಂದಿದ್ದು, ಜಿಲಿಬ್‌ಸಿಯೂ ಹೊಸದಾಗಿದ್ದರೆ, ಸಿ++ಗೂ ಬೇಕಾಗಬಹುದು. ಆಗ ಏಳನೇ ಹಂತ ಓದದೆ ಮುಂದೆ ಹೋಗಬೇಡಿ.

ಹಂತ 6: ಸಂಖ್ಯೆಯ ಬಾಲ

1.0ಕ್ಯೂ, 1.0ಎಫ್128, 1.0ಡಿಡಿ. ಸಂಖ್ಯೆಯ ಕೊನೆಗೆ ಅಂಟಿಸುವ ಈ ಅಕ್ಷರಗಳಿಗೆ ಸಫಿಕ್ಸ್ ಎನ್ನುತ್ತಾರೆ. ಕ್ಯೂ ಎಂದರೆ __ಫ್ಲೋಟ್128, ಡಿಡಿ ಎಂದರೆ _ಡೆಸಿಮಲ್64. ಟೈಪಿನ ಹೆಸರಿಗೆ ಮ್ಯಾಕ್ರೋ ಹಾಕಿದಂತೆ ಕ್ಯೂಗೂ ಮ್ಯಾಕ್ರೋ ಹಾಕಿ ಕೈಸುಟ್ಟುಕೊಂಡವರಿದ್ದಾರೆ. ಅದು ಕೆಲಸ ಮಾಡುವುದಿಲ್ಲ. ಪಾರ್ಸರ್ 1.0ಕ್ಯೂ ಎಂಬುದನ್ನು ಒಂದೇ ತುಂಡಾಗಿ ಓದುತ್ತದೆ. ಒಳಗಿನ ಕ್ಯೂ ಮ್ಯಾಕ್ರೋಗೆ ಪ್ರತ್ಯೇಕವಾಗಿ ಕಾಣುವುದೇ ಇಲ್ಲ.

ದಾರಿ ಒಂದೇ: ಸಂಖ್ಯೆಯನ್ನು ಬರೆಯುವಾಗಲೇ ಸುತ್ತಿ ಬರೆಯಿರಿ. ನಿಮ್ಮ ಕೋಡಿನಲ್ಲಿ ಕ್ವಾಡ್(ಎಕ್ಸ್) ಎಂಬ ಮ್ಯಾಕ್ರೋ ಮಾಡಿ. ನಿಜವಾದ ಕಂಪೈಲರಿಗೆ ಅದು ಎಕ್ಸ್ ##ಕ್ಯೂ, ಅಂದರೆ ಎಕ್ಸ್‌ಗೆ ಕ್ಯೂ ಅಂಟಿಸು. ಎಡಿಟರ್_ಮಾತ್ರ ಇದ್ದಾಗ ಬರಿಯ ಎಕ್ಸ್. ಆಮೇಲೆ ಎಲ್ಲ ಕಡೆ ಕ್ವಾಡ್(1.0) ಎಂದು ಬರೆದರಾಯಿತು. 64 ಬಿಟ್ ಲಿನಕ್ಸ್‌ನಲ್ಲಿ ಕ್ಲಾಂಗ್‌ಡಿ ಇರುವವರಿಗೆ ಈ ಕಸರತ್ತು ಬೇಡ. ಕ್ಲಾಂಗ್‌ಗೆ ಅಲ್ಲಿ __ಫ್ಲೋಟ್128 ಗೊತ್ತು, ಕ್ಯೂ ಬಾಲವೂ ಗೊತ್ತು.

ಹಂತ 7: ಸಿ++ನಲ್ಲಿ ಇಬ್ಬರಿಗೆ ಒಂದೇ ಮುಖ

ಜಿಸಿಸಿ ಈ ಹೆಸರುಗಳನ್ನು ಕೀವರ್ಡ್ ಎಂದು ಎಣಿಸುವ ಕಡೆ _ಫ್ಲೋಟ್64 ಮತ್ತು ಡಬಲ್ ಒಳಗಿಂದ ಒಂದೇ ತೂಕದವಾದರೂ ಬೇರೆ ಬೇರೆ ಟೈಪುಗಳು. ನಮ್ಮ ಪಟ್ಟಿ ಎರಡನ್ನೂ ಒಂದು ಮಾಡಿದೆ. ಒಂದೇ ಹೆಸರಿನ ಫಂಕ್ಷನನ್ನು ಎರಡಕ್ಕೂ ಪ್ರತ್ಯೇಕವಾಗಿ ಬರೆದಿದ್ದರೆ ಎಡಿಟರ್‌ಗೆ "ಇದನ್ನು ಆಗಲೇ ಬರೆದಾಗಿದೆ" ಎನಿಸುತ್ತದೆ. ಸಿಯಲ್ಲಿ _ಜೆನರಿಕ್ (ಟೈಪ್ ನೋಡಿ ಒಂದನ್ನು ಆರಿಸುವ ಸೌಲಭ್ಯ) ಬಳಸುವವರಿಗೂ ಇದೇ ಪಾಡು.

ನೀವು ಬರೆಯದಿದ್ದರೂ ಲೈಬ್ರರಿ ಬರೆದಿರುತ್ತದೆ. ಜಿಸಿಸಿಯ ಸಿ++ ಲೈಬ್ರರಿಯ ಟೈಪ್_ಟ್ರೇಟ್ಸ್ ಹೆಡರ್‌ನಲ್ಲಿ "ಇದು ಫ್ಲೋಟಿಂಗ್ ಪಾಯಿಂಟ್ ಹೌದೇ" ಎಂಬುದಕ್ಕೆ ಲಾಂಗ್ ಡಬಲ್‌ಗೆ ಒಂದು ಉತ್ತರ, __ಫ್ಲೋಟ್128ಕ್ಕೆ ಇನ್ನೊಂದು ಉತ್ತರ ಬರೆದಿಟ್ಟಿದ್ದಾರೆ. ಅದಕ್ಕೇ ನನ್ನ ಪಟ್ಟಿಯಲ್ಲಿ __ಫ್ಲೋಟ್128 ಇಲ್ಲ. ಅದನ್ನೂ ಲಾಂಗ್ ಡಬಲ್ ಮಾಡಿದರೆ ಒಂದೇ ಪ್ರಶ್ನೆಗೆ ಎರಡು ಉತ್ತರವಾಗಿ ಆ ಹೆಡರ್ ಪೂರ್ತಿ ಕೆಂಪಾಗುತ್ತದೆ. ಅಲ್ಲಿಂದ ಮುಂದೆ ವೆಕ್ಟರ್, ಸ್ಟ್ರಿಂಗ್, ಯಾವುದಕ್ಕೂ ಆಟೋ ಕಂಪ್ಲೀಟ್ ಬರುವುದಿಲ್ಲ.

ಸಿ++ನಲ್ಲಿ ಬದಲಿ ಕೊಡಲೇಬೇಕು ಎಂದಾದರೆ ಇರುವ ಟೈಪಿಗೆ ಅಂಟಿಸಬೇಡಿ, ಹೊಸದೇ ಒಂದು ಸ್ಟ್ರಕ್ಟ್ ಮಾಡಿ: 16 ಬೈಟಿನದು, ಲಾಂಗ್ ಡಬಲ್‌ನಿಂದ ಕಟ್ಟಿಕೊಳ್ಳಬಲ್ಲದು, ಲಾಂಗ್ ಡಬಲ್ ಆಗಿ ಬದಲಾಗಬಲ್ಲದು. ಪ್ಲಸ್ ಮೈನಸ್ ಬಂದ ಕಡೆ ಎಡಿಟರ್ ಅಲ್ಲಲ್ಲಿ ಗೊಂದಲಪಡಬಹುದು. ನನ್ನ ಲೆಕ್ಕದಲ್ಲಿ ಆ ನಾಲ್ಕು ಕೆಂಪು ಗೆರೆಗಳ ಜೊತೆ ಬದುಕುವುದು ಲೇಸು.

ಹಾಗೆಯೇ __ಎಫ್‌ಪಿ16, _ಫ್ಲೋಟ್16 ಇವನ್ನು ಫ್ಲೋಟ್ ಎಂದು ಬದಲಿಸುವ ಮುನ್ನ ಯೋಚಿಸಿ. 2 ಬೈಟಿನದು 4 ಆಗುತ್ತದೆ. ನಿಮ್ಮ ಸ್ಟ್ರಕ್ಟ್ ಒಂದು ಪ್ಯಾಕೆಟ್ಟಿನ ಅಚ್ಚಾಗಿದ್ದರೆ ಎಡಿಟರ್ ತೋರಿಸುವ ಆಫ್‌ಸೆಟ್‌ಗಳೆಲ್ಲ ಸುಳ್ಳು.

ಸ್ವಂತ ಪಾರ್ಸರ್ ಅಥವಾ ಪ್ಲಗಿನ್ ಬರೆಯುತ್ತಿರುವ ಒಂದಿಬ್ಬರಿಗೆ ಇಲ್ಲೇ ಎರಡು ಮಾತು. ಈ ಹೆಸರುಗಳನ್ನು ಯಾವಾಗಲೂ ಕೀವರ್ಡ್ ಎಂದು ಎಣಿಸಬೇಡಿ. ಭಾಷೆ, ಆವೃತ್ತಿ, ಟಾರ್ಗೆಟ್ (ಕೋಡ್ ಓಡುವ ಚಿಪ್ಪು) ಮೂರನ್ನೂ ನೋಡಿ ನಿರ್ಧರಿಸಿ, ಇಲ್ಲದಿದ್ದರೆ ಹೆಡರ್ ಮಾಡುವ ಟೈಪ್‌ಡೆಫ್ ನಿಮ್ಮಲ್ಲೇ ಮುರಿಯುತ್ತದೆ. ಗೊತ್ತಿಲ್ಲದ ಸಫಿಕ್ಸ್ ಕಂಡರೆ ಎಚ್ಚರಿಕೆ ಕೊಟ್ಟು ಮುಂದೆ ಓದಿ, ಅಲ್ಲೇ ಕುಸಿದು ಕೂರಬೇಡಿ.

ಹಂತ 8: ಕೆಂಪೇ ಬಾರದ ತಪ್ಪು

ಇಷ್ಟು ಹೊತ್ತು ಕೆಂಪು ಗೆರೆ ಬಂದದ್ದಕ್ಕೆ ಬೈದೆವು. ಬಂದರೆ ಪುಣ್ಯ ಎನ್ನಬೇಕಾದ ಸಂದರ್ಭ ಇದು.

ಕಾರವಾರದ ಒಬ್ಬ ವಿದ್ಯಾರ್ಥಿ ಕಾಳಿ ಅಳಿವೆಯ ಹತ್ತಿರ ನೀರಿನ ಏರಿಳಿತ ಅಳೆಯುವ ಸಣ್ಣ ಯಂತ್ರ ಮಾಡಿದ್ದ. ಆರ್ಡುಯಿನೋ ಊನೋ ಬೋರ್ಡು, ಎವಿಆರ್ ಚಿಪ್ಪಿನ ಹಳೆಯ ಮಾದರಿ. ಹತ್ತು ಸೆಕೆಂಡಿಗೊಮ್ಮೆ ನೀರಿನ ಮಟ್ಟ, ಜೊತೆಗೆ 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ ಸಮಯ. ಸಮಯವನ್ನು ಡಬಲ್‌ನಲ್ಲಿ ಇಟ್ಟಿದ್ದ. ಫೈಲು ತೆರೆದರೆ ಒಂದೇ ಸಮಯದ ಎದುರು ಹನ್ನೆರಡು, ಹದಿಮೂರು ಅಳತೆ. ಆಮೇಲೆ ಸಮಯ ಒಮ್ಮೆಲೇ ಎರಡು ನಿಮಿಷ ಮುಂದೆ ಜಿಗಿಯುತ್ತಿತ್ತು. ಎಡಿಟರ್‌ನಲ್ಲಿ ಒಂದೂ ಕೆಂಪಿಲ್ಲ. ಸೈಜ್‌ಆಫ್ ಡಬಲ್ ಕೇಳಿದರೆ 8 ಎನ್ನುತ್ತಿತ್ತು.

ಬೋರ್ಡಿನ ಕಂಪೈಲರಿಗೆ ಅದು 4. ಎವಿಆರ್ ಜಿಸಿಸಿಯ ಸಾಮಾನ್ಯ ಹೊಂದಿಕೆಯಲ್ಲಿ ಡಬಲ್ ಎಂದರೆ ಫ್ಲೋಟೇ, ನಿಖರತೆ 24 ಬಿಟ್. ಅಷ್ಟು ದೊಡ್ಡ ಸಂಖ್ಯೆಯ ಹತ್ತಿರ ಆ 24 ಬಿಟ್‌ಗೆ 128ರ ಹೆಜ್ಜೆಯಲ್ಲಿ ಮಾತ್ರ ನಡೆಯಲು ಸಾಧ್ಯ. 1700000000 ಆದ ಮೇಲೆ ಅದಕ್ಕೆ ಗೊತ್ತಿರುವ ಮುಂದಿನ ಸಂಖ್ಯೆ 1700000128. ನಡುವಿನ ಸೆಕೆಂಡುಗಳಿಗೆ ಜಾಗವೇ ಇಲ್ಲ. ನಿಜವಾದ 8 ಬೈಟಿನ ಡಬಲ್ ಆಗಿದ್ದರೆ ಅದೇ ಜಾಗದಲ್ಲಿ ಹೆಜ್ಜೆ ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ಇರುತ್ತಿತ್ತು.

ಇಂಥದ್ದು ಆಗದಂತೆ ಎರಡು ಕೆಲಸ ಮಾಡಿ. ಕ್ಲಾಂಗ್‌ಡಿ ಇದ್ದರೆ ಡಾಟ್ ಕ್ಲಾಂಗ್‌ಡಿ ಫೈಲಿನ ಆ್ಯಡ್‌ನಲ್ಲಿ --ಟಾರ್ಗೆಟ್=ಎವಿಆರ್ ಸೇರಿಸಿ; ಆಗ ಅದೂ ಡಬಲ್ ಎಂದರೆ 4 ಎನ್ನುತ್ತದೆ. ಇಂಟೆಲಿಸೆನ್ಸ್‌ನ ಮೋಡ್‌ಗಳ ಪಟ್ಟಿಯಲ್ಲಿ ಎಕ್ಸ್86 ಮತ್ತು ಆರ್ಮ್ ಬಳಗ ಇವೆ, ಎವಿಆರ್ ಇಲ್ಲ. ಹಾಗಾಗಿ ಎವಿಆರ್ ಕೆಲಸಕ್ಕೆ ನಾನು ಕ್ಲಾಂಗ್‌ಡಿಯನ್ನೇ ಹೇಳುವುದು.

ಎರಡನೆಯದು, ಎರಡನೇ ಹಂತದಲ್ಲಿ ಬರೆದಿಟ್ಟ ಚೀಟಿ ತೆಗೆಯಿರಿ (ಲ್ಯಾಪ್‌ಟಾಪಿನದಲ್ಲ, ಬೋರ್ಡಿನ ಕಂಪೈಲರನ್ನೇ ಕೇಳಿ ಬರೆದದ್ದು). ಅದರಲ್ಲಿರುವ ಒಂದೊಂದು ಸೈಜಿಗೂ ಕೋಡಿನಲ್ಲಿ ಒಂದು ಸ್ಟ್ಯಾಟಿಕ್_ಅಸರ್ಟ್ ಬರೆಯಿರಿ: ಸೈಜ್‌ಆಫ್(ಡಬಲ್) == 4, ಹೀಗೆ. ಇದು ಕಂಪೈಲ್ ಹೊತ್ತಿನಲ್ಲೇ ಪರೀಕ್ಷೆಯಾಗುವ ಷರತ್ತು, ಬೋರ್ಡಿನಲ್ಲಿ ಒಂದು ಬೈಟೂ ಖರ್ಚಾಗುವುದಿಲ್ಲ. ಕಂಪೈಲರ್ ಒಪ್ಪಿ ಎಡಿಟರ್ ಒಪ್ಪದಿದ್ದರೆ ಆ ಸಾಲಿನ ಕೆಳಗೇ ಕೆಂಪು ಬರುತ್ತದೆ. ಐದನೇ ಹಂತದ ಬದಲಿ ಹೆಡರ್ ಹಾಕಿಕೊಂಡವರು ನಿಖರತೆಯ ಬಿಟ್‌ಗಳನ್ನೂ ಹೀಗೇ ಪರೀಕ್ಷಿಸಬಹುದು. ಬದಲಿ ಟೈಪ್ ಇರುವ ಕಡೆ ಎಡಿಟರ್‌ನಲ್ಲಿ ಅದು ಕೆಂಪಾಗುವುದು ಸಹಜ, ಅದನ್ನು #ಇಫ್‌ಎನ್‌ಡೆಫ್ ಎಡಿಟರ್_ಮಾತ್ರ ಒಳಗೆ ಸುತ್ತಿಡಿ.

ಆ ಹುಡುಗ ಸಮಯವನ್ನು 32 ಬಿಟ್ ಪೂರ್ಣಾಂಕಕ್ಕೆ ಬದಲಿಸಿದ. ಮಟ್ಟದ ಅಳತೆ ಮಾತ್ರ ಫ್ಲೋಟ್‌ನಲ್ಲೇ ಉಳಿದಿದೆ, ಸೆಂಟಿಮೀಟರಿನ ಲೆಕ್ಕಕ್ಕೆ 7 ಅಂಕೆ ಧಾರಾಳ.